ಪ್ರೇಮಕಥೆಗಳಿಗೆ ನಾವೇಕೆ ಹೆದರಬೇಕು?



ಚಳ್ಳಕೆರೆಯಿಂದ ಬಳ್ಳಾರಿಯತ್ತ ಹೋಗುವ ಬಸ್ಸು ತಳಕಿನಲ್ಲಿ ನಿಂತಿತ್ತು. ಮಧ್ಯಾಹ್ನದ ಬಿಸಿಲು. ಕಿಟಕಿಯಾಚೆ ಶೇಂಗಾ ಕಿತ್ತ ಹೊಲಗಳು, ದೂರದಲ್ಲೊಂದು ಕುರಿಮಂದೆ. ನನ್ನ ಮುಂದಿನ ಆಸನದಲ್ಲಿ ಒಬ್ಬ ತಾಯಿಯೂ ಪಿ.ಯು.ಸಿ. ಓದುವ ವಯಸ್ಸಿನ ಮಗಳೂ ಕುಳಿತಿದ್ದರು. ತಾಯಿ ತೂಕಡಿಸುತ್ತಿದ್ದರು. ಮಗಳು ಮೊಬೈಲಿನಲ್ಲಿ ಯಾವುದೋ ಕಥೆಯಲ್ಲಿ ಮುಳುಗಿದ್ದಳು. ತಾಯಿಗೆ ಎಚ್ಚರವಾಗಿ ಅವರು ಕತ್ತು ಚಾಚಿದೊಡನೆ ಹುಡುಗಿಯ ಹೆಬ್ಬೆರಳು ಸರಕ್ಕನೆ ಸರಿಯಿತು. ಪರದೆಯ ಮೇಲೆ ರಸಾಯನಶಾಸ್ತ್ರದ ಪಾಠ ಬಂದು ನಿಂತಿತು.

"ಏನೇ ಅದು?"

"ನೋಟ್ಸು ಕಣಮ್ಮ."

ತಾಯಿ ಮತ್ತೆ ಕಣ್ಣು ಮುಚ್ಚಿದರು. ಕಥೆ ಮರಳಿ ಬಂತು.

ಆ ಮಗು ಒಮ್ಮೆ ತಲೆಯೆತ್ತಿ ಹೊರಗಿನ ಫಲಕವನ್ನು ಓದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ. ತ.ರಾ.ಸು. ಎಂಬ ಮೂರು ಅಕ್ಷರಗಳಲ್ಲಿ ಮೊದಲನೆಯದು ಈ ಊರೇ. ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು (1920-1984) ಈ ಮನೆತನದವರು. ಕುವೆಂಪು ಅವರು ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಅರ್ಪಿಸಿದ ಗುರು ಟಿ.ಎಸ್. ವೆಂಕಣ್ಣಯ್ಯನವರೂ ಇದೇ ಮನೆತನದವರು. ತ.ರಾ.ಸು. ಅವರು ಚಿತ್ರದುರ್ಗದ ಪಾಳೆಯಗಾರರ ಚರಿತ್ರೆಯನ್ನು ಕಾದಂಬರಿಗಳಾಗಿ ಬರೆದರು. ಅವರ 'ದುರ್ಗಾಸ್ತಮಾನ'ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಆದರೆ ಸಾಮಾನ್ಯ ಜನರ ನಾಲಿಗೆಯ ಮೇಲೆ ಉಳಿದದ್ದು ಅವರ ರಾಮಾಚಾರಿ. ಕೋಪಿಷ್ಠ ತರುಣನೊಬ್ಬನ ಪ್ರೇಮದ ಕಥೆ ಅದು. ಅಂದು ಮೊಬೈಲ್ ಇರಲಿಲ್ಲ. ಹುಡುಗ ಹುಡುಗಿಯರು ಅದನ್ನು ಪಠ್ಯಪುಸ್ತಕದ ನಡುವೆ ಇಟ್ಟುಕೊಂಡು ಓದುತ್ತಿದ್ದರು. ನಾನೂ ಓದಿದ್ದೇನೆ, ಕಿರಿಯ ಗುರುಮಠದಲ್ಲಿ, ಅಧ್ಯಯನದ ಗಂಟೆಯಲ್ಲಿ.

ನಮ್ಮ ಕುಟುಂಬಗಳಲ್ಲಿಯೂ ನಮ್ಮ ಬೋಧನಾಪೀಠಗಳಲ್ಲಿಯೂ ಬೇರೂರಿರುವ ಒಂದು ಅಭ್ಯಾಸದ ವಿರುದ್ಧ ಈ ಲೇಖನ ಬರೆಯುತ್ತಿದ್ದೇನೆ. ಮಕ್ಕಳ ಕೈಯಲ್ಲಿ ಪ್ರೇಮಕಥೆ ಕಂಡೊಡನೆ ಕಸಿದುಕೊಳ್ಳುವ ಅಭ್ಯಾಸ ಅದು. ಪ್ರೇಮಕಥೆಗಳೆಲ್ಲ ಒಳ್ಳೆಯವು ಎಂದು ನಾನು ಹೇಳಲಾರೆ. ಅವುಗಳಲ್ಲಿ ವಿಷವಿದೆ. ಆದರೆ ಆ ವಿಷ ಇರುವ ಪುಟ ಒಂದು, ನಾವು ಬೆಚ್ಚಿಬೀಳುವ ಪುಟ ಇನ್ನೊಂದು. ನನ್ನ ದೂರು ಇಷ್ಟೇ.

ಬೀಗ ಹಾಕಿದ ಮೇಜು

ಮೊದಲು ನನ್ನ ತಪ್ಪನ್ನೇ ನಿವೇದಿಸಿಕೊಳ್ಳುತ್ತೇನೆ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನೊಂದು ಸಣ್ಣ ಧರ್ಮಕೇಂದ್ರದಲ್ಲಿದ್ದೆ. ಒಂದು ಭಾನುವಾರ ಬಲಿಪೂಜೆಯ ಬಳಿಕ ತಂದೆಯೊಬ್ಬರು ಮಗಳನ್ನು ಕರೆತಂದು, ಬಾಡಿಗೆ ಲೈಬ್ರರಿಯ ಕಾದಂಬರಿಯೊಂದನ್ನು ನನ್ನ ಮೇಜಿನ ಮೇಲಿಟ್ಟು, "ಫಾದರ್, ನೀವೇ ಇವಳಿಗೆ ಬುದ್ಧಿ ಹೇಳಿ" ಎಂದರು. ನಾನು ಹೇಳಿದೆ. ಪುಸ್ತಕವನ್ನು ಬಿಚ್ಚಿಯೂ ನೋಡದೆ ಹೇಳಿದೆ. ಆಲೋಚನೆಯ ಪಾಪದ ಬಗ್ಗೆ ಹೇಳಿದೆ, ಸಮಯದ ಅಪವ್ಯಯದ ಬಗ್ಗೆ ಹೇಳಿದೆ, ತಂದೆತಾಯಿಗಳ ಮಾನದ ಬಗ್ಗೆ ಹೇಳಿದೆ. ಪುಸ್ತಕವನ್ನು ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಅದನ್ನು ಹಿಂದಿರುಗಿಸದೆ ಇದ್ದುದಕ್ಕೆ ಲೈಬ್ರರಿಯ ದಂಡವನ್ನು ಆ ಹುಡುಗಿಯೇ ತನ್ನ ಬಸ್ಸಿನ ಹಣದಿಂದ ಕಟ್ಟಿದಳೆಂದು ಆಮೇಲೆ ತಿಳಿಯಿತು.

ಐದಾರು ವರ್ಷ ಕಳೆಯಿತು. ಅವಳು ಒಬ್ಬ ತರುಣನನ್ನು ಮೆಚ್ಚಿಕೊಂಡಿದ್ದಳು. ಅವನು ಅವಳ ಗೆಳತಿಯರನ್ನು ಒಬ್ಬೊಬ್ಬರನ್ನಾಗಿ ಬಿಡಿಸಿದ. ಅವಳ ಫೋನನ್ನು ದಿನವೂ ಪರೀಕ್ಷಿಸುತ್ತಿದ್ದ. ಒಮ್ಮೆ ಬಸ್ ನಿಲ್ದಾಣದಲ್ಲಿ ನಾಲ್ಕು ಜನರ ಮುಂದೆ ಕೆನ್ನೆಗೆ ಹೊಡೆದ. ಅವಳ ಚಿಕ್ಕಮ್ಮ ಬಂದು ತಿಳಿಸಿದಾಗ ನಾನು ಹೋಗಿ ಮಾತನಾಡಿಸಿದೆ. ಅವಳು ಶಾಂತವಾಗಿಯೇ ಹೇಳಿದಳು: "ಫಾದರ್, ಅವನಿಗೆ ನನ್ನ ಮೇಲೆ ಅಷ್ಟು ಪ್ರೀತಿ. ಅದಕ್ಕೇ ಅಷ್ಟು ಸಿಟ್ಟು." ಇಷ್ಟು ದಿನ ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. "ನಿಮಗೆ ಇಂಥದೆಲ್ಲ ಹೇಳಬಾರದು ಅಂದುಕೊಂಡಿದ್ದೆ" ಎಂದಳು.

ಅಂದು ನಾನು ಡ್ರಾಯರಿನಲ್ಲಿ ಬೀಗ ಹಾಕಿದ್ದು ಏನನ್ನು ಎಂದು ನನಗೆ ಆಗ ಅರ್ಥವಾಯಿತು. ಪುಸ್ತಕ ಹೇಗೋ ಇನ್ನೊಂದು ದೊರೆತೇ ದೊರೆಯುತ್ತದೆ. ಅದನ್ನು ಓದಿದವಳೊಡನೆ ಮಾತನಾಡುವ ಅವಕಾಶ ನನಗೆ ಮತ್ತೆ ದೊರೆಯಲಿಲ್ಲ. ಅವಳು ಆ ಸಂಬಂಧದಿಂದ ಹೊರಬಂದಳು. ಅದು ಅವಳ ಮತ್ತು ಅವಳ ಚಿಕ್ಕಮ್ಮನ ಬಲದಿಂದ, ನನ್ನಿಂದಲ್ಲ.

ಆಕರ್ಷಣೆ ಎಲ್ಲಿಯದು?

ಹದಿಹರೆಯದವರಿಗೆ ಪ್ರೇಮಕಥೆ ಏಕೆ ಇಷ್ಟು ಪ್ರಿಯ? ದೇಹದ ಚಪಲವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಆ ಕಥೆಗಳನ್ನು ಓದಿ ನೋಡಿದವರಿಗೆ ಬೇರೊಂದು ಕಾಣುತ್ತದೆ. ಅಲ್ಲಿ ಒಬ್ಬ ಸಾಮಾನ್ಯ ಹುಡುಗಿ ಇರುತ್ತಾಳೆ. ಮನೆಯಲ್ಲಿ ಅವಳು ಅಂಕಪಟ್ಟಿ, ನೆರೆಹೊರೆಯವರಿಗೆ ಒಂದು ಬಣ್ಣ, ಬಂಧುಗಳಿಗೆ ಮುಂದೊಂದು ದಿನದ ಮದುವೆಯ ಖರ್ಚು. ಕಥೆಯಲ್ಲಿ ಮಾತ್ರ ಯಾರೋ ಒಬ್ಬರು ಅವಳನ್ನು ನಿಲ್ಲಿಸಿ ನೋಡುತ್ತಾರೆ, ಹೆಸರು ಹಿಡಿದು ಕರೆಯುತ್ತಾರೆ, "ನಿನಗೇನು ಬೇಕು?" ಎಂದು ಕೇಳುತ್ತಾರೆ. ನಮ್ಮ ಎಷ್ಟು ಮನೆಗಳಲ್ಲಿ ಹದಿನೇಳರ ಮಗಳಿಗೆ ಈ ಪ್ರಶ್ನೆಯನ್ನು ಯಾರಾದರೂ ಕೇಳಿದ್ದಾರೆ? ತಾನು ಒಬ್ಬ ವ್ಯಕ್ತಿ, ತನಗೂ ಆಯ್ಕೆಯಿದೆ ಎಂಬ ಅರಿವು ಮೂಡುವ ವಯಸ್ಸದು. ಆ ಅರಿವಿಗೆ ಮಾತು ಕೊಡುವುದು ಕಥೆಯೊಂದೇ ಆದರೆ ಮಕ್ಕಳು ಕಥೆಯ ಬಳಿಗೇ ಹೋಗುತ್ತಾರೆ.

ಇದು ಇಂದಿನ ರೋಗವೂ ಅಲ್ಲ. 1965ರಲ್ಲಿ 'ಸುಧಾ' ವಾರಪತ್ರಿಕೆ ಆರಂಭವಾದ ಕಾಲದಿಂದ ಧಾರಾವಾಹಿಗಳಿಗಾಗಿ ವಾರಪೂರ್ತಿ ಕಾದ ತಾಯಂದಿರೇ ಇಂದಿನ ಅಜ್ಜಿಯರು. ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ ಅವರ ಕಾದಂಬರಿಗಳನ್ನು ಬಾಡಿಗೆಗೆ ತಂದು, ಅನ್ನ ಬೇಯುವಷ್ಟು ಹೊತ್ತಿನಲ್ಲಿ ಎರಡು ಅಧ್ಯಾಯ ಮುಗಿಸಿದವರು ಅವರು. 2014ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ 'ಪ್ರತಿಲಿಪಿ'ಯಂಥ ತಾಣಗಳಲ್ಲಿ ಮೊಮ್ಮಗಳು ಓದುತ್ತಿರುವುದು ಅದೇ ಹಸಿವಿನಿಂದ. ಕಾಲೇಜಿನಲ್ಲಿ ಶಕುಂತಲೆಯ ಗಾಂಧರ್ವ ವಿವಾಹವನ್ನು ಪಾಠ ಮಾಡುತ್ತೇವೆ. ಹದಿನಾಲ್ಕು ತುಂಬದ ಜೂಲಿಯೆಟ್‌ಳ ಪ್ರೇಮದ ಬಗ್ಗೆ ಹತ್ತು ಅಂಕದ ಪ್ರಶ್ನೆ ಕೇಳುತ್ತೇವೆ. ಪಠ್ಯದಲ್ಲಿದ್ದರೆ ಸಾಹಿತ್ಯ, ಮೊಬೈಲಿನಲ್ಲಿದ್ದರೆ ಹಾಳು ಎಂಬ ನಮ್ಮ ವಾದ ಮಕ್ಕಳ ಮುಂದೆ ನಿಲ್ಲುವುದಿಲ್ಲ.

ಇನ್ನು ನಮ್ಮ ಪವಿತ್ರ ಗ್ರಂಥವನ್ನೇ ನೋಡಿ. ರಾಖೇಲಳಿಗಾಗಿ ಯಕೋಬನು ಏಳು ವರ್ಷ ದುಡಿದುದನ್ನು ಆದಿಕಾಂಡ ಮುಚ್ಚಿಡುವುದಿಲ್ಲ. ಪರಮಗೀತೆಯಲ್ಲಿ ಮಾತಿನ ಬಹುಪಾಲು ಪ್ರೀತಿಸುವ ಹುಡುಗಿಯದೇ. ಧರ್ಮಸಭೆ ಅದನ್ನು ಪವಿತ್ರ ಗ್ರಂಥದಿಂದ ಹೊರಗಿಡಲಿಲ್ಲ. ಹೊರಗಿಟ್ಟವರು ನಾವು. ಕುಟುಂಬ ಪ್ರಾರ್ಥನೆಯಲ್ಲಿ ಆ ಪುಟ ಬಂದರೆ ಸದ್ದಿಲ್ಲದೆ ಮಗುಚುತ್ತೇವೆ.

ಸಂತರೂ ಓದಿದ್ದರು

ಓದಿ ಕೆಟ್ಟವರ ಉದಾಹರಣೆ ಕೊಡುವವರಿದ್ದಾರೆ. ಅವರ ಮಾತನ್ನು ಹಗುರವಾಗಿ ತಳ್ಳಲಾಗದು. ಬಾಲ್ಯದಲ್ಲಿ ಪ್ರೇಮಕ್ಕಾಗಿ ಪ್ರಾಣಬಿಟ್ಟ ದಿದೋ ರಾಣಿಯ ಕಥೆಗೆ ಕಣ್ಣೀರಿಟ್ಟು, ತನ್ನ ಆತ್ಮದ ದುಸ್ಥಿತಿಗೆ ಮಾತ್ರ ಅಳಲಿಲ್ಲವೆಂದು ಸಂತ ಅಗಸ್ಟೀನರು ತಮ್ಮ ಆತ್ಮನಿವೇದನೆಯ ಮೊದಲ ಭಾಗದಲ್ಲೇ ಪರಿತಪಿಸುತ್ತಾರೆ. ಆವಿಲಾದ ಸಂತ ತೆರೇಸಾ ಬಾಲ್ಯದಲ್ಲಿ ತಾಯಿಯೊಡನೆ ವೀರಪ್ರೇಮದ ಕಥೆಗಳನ್ನು ಹಗಲಿರುಳು ಓದುತ್ತಿದ್ದರು. ಅದರಿಂದ ತಮಗೆ ಹಾನಿಯಾಯಿತೆಂದು ಅವರೇ ಬರೆದಿದ್ದಾರೆ. ಆದರೆ ಅದೇ ಪುಟದಲ್ಲಿ ಅವರು ಇನ್ನೊಂದು ಮಾತನ್ನೂ ಸೇರಿಸುತ್ತಾರೆ: ತಂದೆಗೆ ಅಂಥ ಪುಸ್ತಕಗಳು ಸೇರುತ್ತಿರಲಿಲ್ಲ, ಆದ್ದರಿಂದ ಅವರ ಕಣ್ಣಿಗೆ ಬೀಳದಂತೆ ಓದುತ್ತಿದ್ದರು. ಬಸ್ಸಿನಲ್ಲಿ ಕಂಡ ಆ ಹೆಬ್ಬೆರಳು ಹದಿನಾರನೆಯ ಶತಮಾನದ ಸ್ಪೇನಿನಲ್ಲಿಯೂ ಇತ್ತು. ತಂದೆಯ ಅಸಮ್ಮತಿ ಓದನ್ನು ತಡೆಯಲಿಲ್ಲ, ಮರೆಗೆ ತಳ್ಳಿತು.

ಮೂರನೆಯವರು ಲೊಯೋಲಾದ ಸಂತ ಇಗ್ನಾಸಿಯವರು. 1521ರಲ್ಲಿ ಪಾಂಪ್ಲೋನಾದ ಯುದ್ಧದಲ್ಲಿ ಫಿರಂಗಿ ಗುಂಡಿಗೆ ಕಾಲು ಮುರಿದು ಹಾಸಿಗೆ ಹಿಡಿದಾಗ ಅವರು ಕೇಳಿದ್ದು ವೀರಪ್ರೇಮದ ಕಥೆಗಳನ್ನೇ. ಮನೆಯಲ್ಲಿ ಅವು ಇರಲಿಲ್ಲ. ಕ್ರಿಸ್ತನ ಜೀವನಚರಿತ್ರೆ, ಸಂತರ ಕಥೆಗಳು ಸಿಕ್ಕವು. ಈ ಘಟನೆಯನ್ನು ನಾವು ಪ್ರಬೋಧನೆಯಲ್ಲಿ ಹೇಳುವಾಗ ಇಲ್ಲಿಗೇ ನಿಲ್ಲಿಸುತ್ತೇವೆ. ಮುಖ್ಯವಾದುದು ಮುಂದಿನದು. ಅವರು ಗಂಟೆಗಟ್ಟಲೆ ಒಬ್ಬ ಕುಲೀನ ಸ್ತ್ರೀಯ ಕನಸನ್ನೂ ಕಾಣುತ್ತಿದ್ದರು, ಸಂತರಂತೆ ಬಾಳುವ ಕನಸನ್ನೂ ಕಾಣುತ್ತಿದ್ದರು. ಎರಡೂ ಸಿಹಿಯೇ. ಆದರೆ ಕನಸು ಮುಗಿದ ಮೇಲೆ ಮೊದಲನೆಯದು ಮನಸ್ಸನ್ನು ಒಣಗಿಸಿ ಹೋಗುತ್ತಿತ್ತು, ಎರಡನೆಯದು ನೆಮ್ಮದಿಯನ್ನು ಉಳಿಸಿಹೋಗುತ್ತಿತ್ತು. ಈ ವ್ಯತ್ಯಾಸವನ್ನು ಗಮನಿಸಿದ್ದೇ ಅವರ ವಿವೇಚನೆಯ ಮಾರ್ಗಕ್ಕೆ ಬುನಾದಿಯಾಯಿತು. ಪುಸ್ತಕ ಮುಚ್ಚಿದ ಮೇಲೆ ಮನಸ್ಸು ಹೇಗಿದೆ ಎಂದು ಕೇಳಿಕೊಳ್ಳುವ ಪಾಠವನ್ನು ನಾವು ನಮ್ಮ ಮಕ್ಕಳಿಗೆ ಕಲಿಸಿದ್ದೇವೆಯೇ? ಪುಸ್ತಕ ಮುಚ್ಚು ಎಂಬುದನ್ನಷ್ಟೇ ಕಲಿಸಿದ್ದೇವೆ.

ವಿಷ ಇರುವ ಪುಟ

ಈಗ ತಳುಕಿನವರ ಕಥೆಗೆ ಮರಳೋಣ. ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ 'ನಾಗರಹಾವು' ಚಿತ್ರ ಮಾಡಿದರು. 2018ರಲ್ಲಿ ಅದು ಹೊಸ ರೂಪದಲ್ಲಿ ಮತ್ತೆ ತೆರೆಗೆ ಬಂದಾಗ ಮೊಮ್ಮಕ್ಕಳೂ ನೋಡಿದರು. ರಾಮಾಚಾರಿ ಮೊದಲು ಅಲಮೇಲುವನ್ನು ಪ್ರೀತಿಸುತ್ತಾನೆ. ಅವನು ದೇವರಂತೆ ನಂಬಿದ ಚಾಮಯ್ಯ ಮೇಷ್ಟ್ರು ಆ ಪ್ರೀತಿಯನ್ನು ಬಿಟ್ಟುಕೊಡು ಎನ್ನುತ್ತಾರೆ. ಬಿಟ್ಟುಕೊಡುತ್ತಾನೆ. ಅವಳ ಬಾಳು ಹಾಳಾದುದನ್ನು ಮುಂದೆ ಕಣ್ಣಾರೆ ಕಾಣುತ್ತಾನೆ. ಆಮೇಲೆ ಕ್ರೈಸ್ತ ಹುಡುಗಿ ಮಾರ್ಗರೆಟ್‌ಳನ್ನು ಪ್ರೀತಿಸುತ್ತಾನೆ. ಮತ್ತೆ ಜಾತಿ ಧರ್ಮಗಳ ಗೋಡೆ, ಮತ್ತೆ ಮೇಷ್ಟ್ರು. ಕೊನೆಗೆ ದುರ್ಗದ ಬೆಟ್ಟದ ಮೇಲೆ ರಾಮಾಚಾರಿಯ ಕೈಯಿಂದಲೇ ಮೇಷ್ಟ್ರು ಕೆಳಗೆ ಬೀಳುತ್ತಾರೆ. ಅವರ ಹಿಂದೆಯೇ ಆ ಇಬ್ಬರೂ ಹಾರುತ್ತಾರೆ.

ನಮ್ಮ ಹಿರಿಯರು ಈ ಚಿತ್ರದ ಬಗ್ಗೆ ಗೊಣಗಿದ್ದನ್ನು ಕೇಳಿದ್ದೇನೆ. ಗೊಣಗಿದ್ದು ಯಾವುದಕ್ಕೆ? ಮಾರ್ಗರೆಟ್‌ಳ ಉಡುಪಿಗೆ, ಅವಳ ಇಂಗ್ಲಿಷಿಗೆ. ನಮ್ಮ ಹುಡುಗಿಯನ್ನು ಹೀಗೆ ತೋರಿಸಬಹುದೇ ಎಂದು. ಆ ದೂರಿನಲ್ಲಿ ನ್ಯಾಯವಿದೆ, ಕನ್ನಡ ಚಿತ್ರಗಳು ಕ್ರೈಸ್ತ ಹೆಣ್ಣುಮಕ್ಕಳನ್ನು ಬಹುಕಾಲ ಹಾಗೆಯೇ ತೋರಿಸಿದವು. ಆದರೆ ಅವಳು ಬೆಟ್ಟದಿಂದ ಹಾರಿದ್ದಕ್ಕೆ ಯಾರೂ ಗೊಣಗಲಿಲ್ಲ. ಅದನ್ನು ಕಂಡು ಎಲ್ಲರೂ ಅತ್ತರು. ನಿಜವಾದ ಪ್ರೇಮಕ್ಕೆ ಸಾವೇ ಸಾಕ್ಷಿ ಎಂಬ ಸುಳ್ಳನ್ನು ಕಣ್ಣೀರಿನೊಡನೆ ನುಂಗಿದೆವು.

ಅವರು ಹಾರಬೇಕಾಗಿತ್ತೇ? ಹಿಂದೂ ಯುವಕನೂ ಕ್ರೈಸ್ತ ಯುವತಿಯೂ ಮತಾಂತರವಿಲ್ಲದೆ ಮದುವೆಯಾಗಲು 1954ರ ವಿಶೇಷ ವಿವಾಹ ಕಾಯಿದೆ ದಾರಿ ಮಾಡಿತ್ತು. ಮೂವತ್ತು ದಿನಗಳ ಸೂಚನೆ ಕೊಟ್ಟು ನೋಂದಣಿ ಮಾಡಿಸಬಹುದಿತ್ತು. ಧರ್ಮಸಭೆಯಲ್ಲಿಯೂ ಬಾಗಿಲು ಇತ್ತು. ಜಗದ್ಗುರು ಆರನೆಯ ಪೌಲರು 1970ರ ಮಾರ್ಚ್ 31ರಂದು ಮಿಶ್ರ ವಿವಾಹಗಳ ಕುರಿತು ಹೊರಡಿಸಿದ ಪತ್ರದಲ್ಲಿ, ಸ್ನಾನದೀಕ್ಷೆ ಪಡೆಯದವರೊಡನೆ ಮದುವೆಗೆ ಧರ್ಮಾಧ್ಯಕ್ಷರ ವಿನಾಯಿತಿ ಪಡೆಯುವ ಕ್ರಮವಿದೆ. ಕಥೋಲಿಕಳಾದವಳು ತನ್ನ ವಿಶ್ವಾಸವನ್ನು ಕಾಪಾಡಿಕೊಳ್ಳುವುದಾಗಿಯೂ ಮಕ್ಕಳಿಗೆ ಸ್ನಾನದೀಕ್ಷೆ ಕೊಡಿಸಲು ತನ್ನಿಂದಾದಷ್ಟು ಶ್ರಮಿಸುವುದಾಗಿಯೂ ಮಾತು ಕೊಡಬೇಕು. ಅದು ವರನಿಗೂ ತಿಳಿದಿರಬೇಕು. 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿಯೂ ಈ ದಾರಿ ಉಳಿದಿದೆ. ಅಂಥ ಮದುವೆ ಸುಲಭವೆಂದು ನಾನು ಹೇಳುತ್ತಿಲ್ಲ. ಅಂಥ ದಂಪತಿಗಳ ಕಷ್ಟಗಳನ್ನು ಕಂಡವನು ನಾನು. ಆದರೆ ಕಷ್ಟದ ದಾರಿಗೂ ಪ್ರಪಾತಕ್ಕೂ ಅಂತರವಿದೆ. ಚಿತ್ರ ಬಿಡುಗಡೆಯಾದ ವರ್ಷದಲ್ಲಿ ಎರಡು ಬಾಗಿಲುಗಳು ತೆರೆದಿದ್ದವು. ಆ ಬಾಗಿಲುಗಳಿವೆ ಎಂದು ಹೇಳಬಲ್ಲ ಒಬ್ಬ ಹಿರಿಯ ಮಾತ್ರ ಕಥೆಯಲ್ಲಿ ಇರಲಿಲ್ಲ.

ಇದ್ದ ಹಿರಿಯರು ಚಾಮಯ್ಯ ಮೇಷ್ಟ್ರು. ಅವರು ಕೆಟ್ಟವರಲ್ಲ, ಆ ಹುಡುಗನನ್ನು ಹೆತ್ತವರಿಗಿಂತ ಹೆಚ್ಚು ಪ್ರೀತಿಸಿದವರು. ಅದೇ ಪ್ರೀತಿಯ ಬಲದಿಂದ ಎರಡು ಸಲವೂ "ಬಿಡು" ಎಂದರು. ಆ ಪಾತ್ರವನ್ನು ನೆನೆದಾಗಲೆಲ್ಲ ನನಗೆ ಬೀಗ ಹಾಕಿದ ನನ್ನ ಮೇಜು ನೆನಪಾಗುತ್ತದೆ. ಗುರುಗಳು, ಉಪದೇಶಿಗಳು, ತಂದೆತಾಯಿಗಳು, ನಾವೆಲ್ಲ ಒಳ್ಳೆಯ ಚಾಮಯ್ಯ ಮೇಷ್ಟ್ರುಗಳೇ.

ಇನ್ನೊಂದು ವಿಷವೂ ಆ ಕಥೆಯಲ್ಲಿದೆ: ಗಂಡಿನ ರೋಷವೇ ಅವನ ಪ್ರೇಮದ ಆಳ ಎಂಬ ನಂಬಿಕೆ. ಇದು ದುರ್ಗದ ಗಡಿಯೊಳಗೆ ನಿಂತಿಲ್ಲ. ಅಮೆರಿಕದ ಸ್ಟೆಫನಿ ಮೇಯರ್ 2005ರಲ್ಲಿ ಪ್ರಕಟಿಸಿದ 'ಟ್ವೈಲೈಟ್' ಕಾದಂಬರಿ ಮತ್ತು ಅದರ ಮುಂದಿನ ಭಾಗಗಳ ಪ್ರತಿಗಳು ಹತ್ತು ಕೋಟಿಗೂ ಮಿಕ್ಕಿ ಮಾರಾಟವಾದವು. ಅದರಲ್ಲಿ ಮದುವೆಗೆ ಮುನ್ನ ಸಂಯಮವಿದೆ ಎಂದು ಅನೇಕ ಕ್ರೈಸ್ತ ತಂದೆತಾಯಿಗಳು ಸಮಾಧಾನಪಟ್ಟರು. ಆದರೆ ಅದರ ನಾಯಕ ರಾತ್ರಿಯ ಹೊತ್ತು ಹುಡುಗಿಗೆ ತಿಳಿಯದೆ ಅವಳ ಕೋಣೆಯೊಳಗೆ ಬಂದು, ಮಲಗಿದವಳನ್ನು ನೋಡುತ್ತಾ ಕೂಡುತ್ತಾನೆ. ಅದು ಅಲ್ಲಿ ಪ್ರೇಮ ಎನಿಸಿಕೊಳ್ಳುತ್ತದೆ. ನಮ್ಮ ಮಗಳ ಕೋಣೆಯಲ್ಲಿ ಯಾರಾದರೂ ಹಾಗೆ ಕುಳಿತಿದ್ದರೆ ಪೊಲೀಸರನ್ನು ಕರೆಯುತ್ತೇವೆ. ಮುತ್ತು ಇದೆಯೇ ಇಲ್ಲವೇ ಎಂದು ಪುಟ ತಿರುವಿ ನೋಡುವ ನಾವು ಈ ಪುಟವನ್ನು ಗಮನಿಸುವುದೇ ಇಲ್ಲ. "ಅಷ್ಟು ಪ್ರೀತಿ, ಅದಕ್ಕೇ ಅಷ್ಟು ಸಿಟ್ಟು" ಎಂದ ಆ ಹುಡುಗಿ ಆ ಪಾಠ ಕಲಿತದ್ದು ಇಂಥ ಪುಟಗಳಿಂದಲೇ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೆಯ ಅಧ್ಯಾಯವನ್ನು ಪ್ರತಿ ಮದುವೆಯಲ್ಲಿಯೂ ಓದುತ್ತೇವೆ. ಪ್ರೀತಿ ಸಿಡುಕುವುದಿಲ್ಲ ಎಂದು ಅವರು ಹೇಳಿದ್ದನ್ನು ಮದುವೆಗೆ ಹತ್ತು ವರ್ಷ ಮುಂಚೆಯೇ ಆ ಮಗುವಿಗೆ ಓದಿ ಹೇಳಬೇಕಾಗಿತ್ತು.

ಎಲ್ಲ ಪ್ರೇಮಕಥೆಗಳೂ ಹೀಗಿಲ್ಲ. ತ್ರಿವೇಣಿಯವರ ಕಾದಂಬರಿಯಿಂದ ಇದೇ ಪುಟ್ಟಣ್ಣನವರು 1967ರಲ್ಲಿ 'ಬೆಳ್ಳಿಮೋಡ' ಮಾಡಿದ್ದರು. ತಾಯಿಗೆ ಗಂಡುಮಗು ಹುಟ್ಟಿ ಆಸ್ತಿ ತನ್ನ ಪಾಲಿಗೆ ಬರದೆಂದು ತಿಳಿದಾಗ, ಮದುವೆಯಾಗಬೇಕಿದ್ದವನೇ ಇಂದಿರಾಳ ಕೈಬಿಡುತ್ತಾನೆ. ಮುಂದೆ ಕಾಲು ಮುರಿದು ಬಿದ್ದ ಅವನನ್ನು ಅವಳೇ ಆರೈಕೆ ಮಾಡುತ್ತಾಳೆ. ಆಗ ಅವನಿಗೆ ಅವಳು ಬೇಕಾಗುತ್ತಾಳೆ. ಅವಳು ಒಪ್ಪುವುದಿಲ್ಲ. ಕರುಣೆಯಿಂದ ಸೇವೆ ಮಾಡಿದವಳು ಸ್ವಾಭಿಮಾನದಿಂದ ಬೇಡವೆನ್ನುತ್ತಾಳೆ, ಬದುಕುತ್ತಾಳೆ. ಕೈಗೆ ಸಿಕ್ಕ ಕಾದಂಬರಿಗಳನ್ನೆಲ್ಲ ಒಟ್ಟಿಗೆ ಕಸಿದುಕೊಂಡವನು ಇಂಥ ಇಂದಿರಾಳನ್ನೂ ಮಗಳಿಂದ ಕಸಿದುಕೊಳ್ಳುತ್ತಾನೆ.

ಮನೆಯಲ್ಲಿ ಮಾಡಬಹುದಾದುದು

2024ರ ಜುಲೈ 17ರಂದು ಜಗದ್ಗುರು ಫ್ರಾನ್ಸಿಸರು ಸಾಹಿತ್ಯದ ಪಾತ್ರದ ಕುರಿತು ಒಂದು ಪತ್ರ ಬರೆದರು. ಗುರು ಅಭ್ಯರ್ಥಿಗಳಿಗೆಂದು ಯೋಚಿಸಿದ್ದನ್ನು ಎಲ್ಲ ಕ್ರೈಸ್ತರಿಗೂ ವಿಸ್ತರಿಸಿದರು. ಅದರಲ್ಲಿ ಅವರ ತಾರುಣ್ಯದ ಒಂದು ನೆನಪಿದೆ. 1964-65ರಲ್ಲಿ, 28ರ ವಯಸ್ಸಿನಲ್ಲಿ, ಅವರು ಅರ್ಜೆಂಟೀನಾದ ಸಾಂತಾ ಫೆಯ ಯೇಸುಸಭೆಯ ಶಾಲೆಯಲ್ಲಿ ಸಾಹಿತ್ಯ ಕಲಿಸುತ್ತಿದ್ದರು. ಪಠ್ಯದಲ್ಲಿದ್ದುದು 'ಎಲ್ ಸಿದ್' ಎಂಬ ಹಳೆಯ ವೀರಕಾವ್ಯ. ಹುಡುಗರಿಗೆ ಅದು ಹಿಡಿಸಲಿಲ್ಲ, ಗಾರ್ಸಿಯಾ ಲೋರ್ಕಾನನ್ನು ಓದುತ್ತೇವೆಂದರು. ಆಗ ಆ ತರುಣ ಅಧ್ಯಾಪಕ 'ಎಲ್ ಸಿದ್' ಅನ್ನು ಮನೆಯಲ್ಲಿ ಓದಿಕೊಳ್ಳಿ ಎಂದು ಹೇಳಿ, ತರಗತಿಯಲ್ಲಿ ಹುಡುಗರಿಗೆ ಪ್ರಿಯವಾದ ಲೇಖಕರ ಬಗ್ಗೆಯೇ ಚರ್ಚಿಸಿದರು. ನಾನು ಬೀಗ ಹಾಕಿದೆ. ಅವರು ಪುಸ್ತಕ ಬಿಚ್ಚಿದರು.

ನೀವೂ ಬಿಚ್ಚಿ ನೋಡಿ. ಮಗಳೋ ಮಗನೋ ಓದುತ್ತಿರುವ ಕಥೆಯನ್ನು ಕೇಳಿ ಪಡೆದು, ಪೂರ್ತಿ ಓದಿ. ಆಮೇಲೆ ಅದರೊಡನೆ ಜಗಳವಾಡಿ, ಮಗುವಿನೊಡನೆ ಬೇಡ. ಈ ಹುಡುಗ ಅವಳ ಮಾತಿಗೆ ಕಿವಿಗೊಟ್ಟನೇ? ಅವಳು "ಬೇಡ" ಎಂದಾಗ ಏನು ಮಾಡಿದ? ಇವರಿಬ್ಬರಿಗೆ ಬೇರೆ ಗೆಳೆಯರು ಉಳಿದಿದ್ದಾರೆಯೇ? ಕಥೆ ಮುಗಿದ ಮಾರನೆಯ ದಿನ ಅಡುಗೆ ಮಾಡಿದವರು ಯಾರು? ಪುಸ್ತಕ ಮುಚ್ಚಿದ ಮೇಲೆ ನಿನ್ನ ಮನಸ್ಸಿಗೆ ಹೇಗನ್ನಿಸಿತು? ಇಷ್ಟು ಪ್ರಶ್ನೆ ಸಾಕು. ಇವನ್ನು ಮಗಳಿಗಿಂತ ಮುಂಚೆ ಮಗನಿಗೆ ಕೇಳಿದರೆ ಇನ್ನೂ ಒಳ್ಳೆಯದು. ಓದುವ ಹೆಣ್ಣುಮಕ್ಕಳ ಬಗ್ಗೆ ನಮಗಿರುವ ಭಯದ ಅರ್ಧದಷ್ಟಾದರೂ, ರಾಮಾಚಾರಿಯ ರೋಷವನ್ನು ಅನುಕರಿಸುವ ಗಂಡುಮಕ್ಕಳ ಬಗ್ಗೆ ಇರಬೇಕಿತ್ತು.

ಧರ್ಮಕೇಂದ್ರಗಳಿಗೂ ಒಂದು ಮಾತು. ಪ್ರೀತಿಯ ಬಗ್ಗೆ ನಾವು ಮೊದಲ ಬಾರಿಗೆ ಬಾಯಿ ಬಿಡುವುದು ವಿವಾಹಪೂರ್ವ ಶಿಬಿರದಲ್ಲಿ, ಛತ್ರ ಗೊತ್ತಾಗಿ ಆಮಂತ್ರಣ ಪತ್ರ ಅಚ್ಚಾದ ಮೇಲೆ. ಅಷ್ಟರಲ್ಲಿ ಕಥೆಗಳು ತಮ್ಮ ಪಾಠವನ್ನು ಹತ್ತು ವರ್ಷ ಮಾಡಿ ಮುಗಿಸಿರುತ್ತವೆ. ಧರ್ಮೋಪದೇಶ ತರಗತಿಯ ಹಿರಿಯ ಮಕ್ಕಳೊಡನೆ ತಿಂಗಳಿಗೊಮ್ಮೆ ಒಂದು ಕಥೆ ಓದಿ ಚರ್ಚಿಸಲು ನಮಗೆ ಏನು ಅಡ್ಡಿ? ನಾಚಿಕೆಯೊಂದೇ.

ಅಂದು ಬಸ್ಸು ತಳಕನ್ನು ಬಿಟ್ಟು ಮುಂದೆ ಸಾಗಿತು. ತಾಯಿಗೆ ಮತ್ತೊಮ್ಮೆ ಎಚ್ಚರವಾಯಿತು, ಹೆಬ್ಬೆರಳು ಮತ್ತೊಮ್ಮೆ ಸರಿಯಿತು. "ಅಮ್ಮಾ, ನೀವೂ ಒಂದು ಕಾಲದಲ್ಲಿ ಓದಿದ್ದಿರಲ್ಲವೇ? ಅವಳಿಗೆ ಹೇಳಿ" ಎನ್ನಬೇಕೆಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅಪರಿಚಿತರಿಗೆ ಹೇಗೆ ಹೇಳುವುದೆಂದು ಸುಮ್ಮನಾದೆ. ಆದರೆ ನೀವು ನನಗೆ ಅಪರಿಚಿತರಲ್ಲ. ನಿಮಗೆ ಹೇಳುತ್ತಿದ್ದೇನೆ: ಇಂದು ರಾತ್ರಿ ಊಟವಾದ ಮೇಲೆ, ನಿಮ್ಮ ಮಗಳು ಓದುತ್ತಿರುವ ಕಥೆ ಯಾವುದೆಂದು ಅವಳನ್ನೇ ಕೇಳಿ. ಕೈ ಚಾಚದೆ ಕೇಳಿ.